ಹತ್ತು ರೂಪಾಯಿ ಆಟದ ಜಾಣರಿಗೆ

ಯುಗಾದಿ ಬಂತೆಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಇಸ್ಪೀಟು ಕಟ್ಟು ಹೊರಗೆ ಬರುತ್ತದೆ. ಹಬ್ಬದ ದಿನ ಒಬ್ಬಟ್ಟು, ಮಾರನೆಯ ದಿನ ಹೊಸತೊಡಕಿನ ಬಾಡೂಟ, ಇವೆರಡರ ನಡುವೆ ಅರಳಿಕಟ್ಟೆಯಲ್ಲೋ ತೋಟದ ನೆರಳಿನಲ್ಲೋ ಹತ್ತು ರೂಪಾಯಿ ಆಟ. ಈಚೆಗೆ ಈ ಕಟ್ಟೆಗೆ ಹೊಸ ಬಗೆಯ ಆಟಗಾರನೊಬ್ಬ ಬರುತ್ತಿದ್ದಾನೆ. ಬೆಂಗಳೂರಿನಿಂದ ಹಬ್ಬಕ್ಕೆ ಬಂದವನು, ಫೋನಿನಲ್ಲಿ ಪೋಕರ್ ಕಲಿತವನು. ಸಂಜೆ ಇನ್ನೂರು ಮುನ್ನೂರು ಕಳೆದುಕೊಂಡು ಏಳುವಾಗ ಅವನು ಹೇಳುವ ಮಾತು ಒಂದೇ: ‘ಇವರಿಗೆ ಆಡಕ್ಕೇ ಬರಲ್ಲ. ಬರೋರ ಜೊತೆ ಆಗಿದ್ರೆ ಗೆಲ್ತಿದ್ದೆ.’

ಈ ಮಾತಿಗಿಂತ ಪೊಳ್ಳಾದ ಮಾತು ಆಟದ ಲೋಕದಲ್ಲಿ ಇನ್ನೊಂದಿಲ್ಲ. ಆಡಲು ಬಾರದವರ ಎದುರು ಸೋತವನು ಇನ್ನೂ ಆಟ ಕಲಿತಿಲ್ಲ. ಅವನು ಕಲಿತದ್ದು ಪುಸ್ತಕದ ಎದುರಾಳಿಯನ್ನು ಮಾತ್ರ.

ಲೆಕ್ಕ ನೋಡೋಣ. ಕೊನೆಯ ಸುತ್ತು, ಮಧ್ಯೆ 100 ರೂಪಾಯಿ ಬಿದ್ದಿದೆ. ನಿಮ್ಮ ಕೈಯಲ್ಲಿ ಏನೂ ಇಲ್ಲ. ಇರುವವನಂತೆ 50 ಹಾಕುತ್ತೀರಿ. ಎದುರಿನವನು ಮೂರರಲ್ಲಿ ಒಂದು ಸಲ ಹೆದರಿ ಎಲೆ ಮಡಚಿದರೆ ನಿಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದಕ್ಕಿಂತ ಹೆಚ್ಚು ಸಲ ಮಡಚಿದರೆ ಲಾಭ. ಆದರೆ ಕಟ್ಟೆಯ ಮೇಲೆ ಕೂತ ಮನುಷ್ಯ ‘ಏನಾದ್ರೂ ಆಗ್ಲಿ, ನೋಡೇಬಿಡಾಣ’ ಎಂದು ಐದರಲ್ಲಿ ನಾಲ್ಕು ಸಲ ದುಡ್ಡು ಹಾಕುತ್ತಾನೆ. ಐದು ಸಲದಲ್ಲಿ ಒಮ್ಮೆ ನಿಮಗೆ 100 ಬಂತು, ನಾಲ್ಕು ಸಲ 50ರಂತೆ 200 ಹೋಯಿತು. ಸಲಕ್ಕೆ 20 ರೂಪಾಯಿ ನಷ್ಟ. ಅದೇ ಮನುಷ್ಯನ ಎದುರು, ಕೈಯಲ್ಲಿ ಒಳ್ಳೆಯ ಎಲೆ ಇದ್ದಾಗ ಮಾತ್ರ 50 ಹಾಕಿದರೆ? ಆಗಲೂ ಅವನು ನಾಲ್ಕು ಸಲ ಹಾಕುತ್ತಾನೆ. ಅಂದರೆ ಹುಸಿ ಬಿಟ್ಟು ನೆಟ್ಟಗೆ ಆಡಿದರೆ ಸಾಕು.

ಬ್ಲಫ್ ಎಂಬುದು ಎದುರಿನವನು ಓದಲೆಂದು ಬರೆಯುವ ಸುಳ್ಳು ಪತ್ರ. ಅವನು ಪತ್ರವನ್ನೇ ಒಡೆಯುವುದಿಲ್ಲ ಎಂದಮೇಲೆ ಅದನ್ನು ಎಷ್ಟು ಚೆಂದ ಬರೆದರೇನು? ಹತ್ತು ರೂಪಾಯಿಗೆ ಯಾರೂ ಹೆದರುವುದಿಲ್ಲ. ಹೆದರಿಕೆ ಇಲ್ಲದ ಕಡೆ ಹೆದರಿಸುವ ವಿದ್ಯೆ ನಡೆಯುವುದಿಲ್ಲ.

ಇಲ್ಲಿಯವರೆಗಿನದು ಆಟದ ಪಾಠ. ನನ್ನ ಜಗಳ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ದುರ್ಬಲ ಎದುರಾಳಿಯ ಎದುರು ಹೇಗೆ ಗೆಲ್ಲಬೇಕೆಂದು ಗೊತ್ತಾದವನು ಆಮೇಲೆ ಏನು ಮಾಡಬೇಕು?

ನಮ್ಮ ಮಹಾಭಾರತದಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ಒಂದು ಶಕುನಿಯದು. ಧರ್ಮರಾಯನಿಗೆ ಜೂಜು ಎಂದರೆ ಪ್ರೀತಿ, ಆದರೆ ಆಡಲು ಬರುವುದಿಲ್ಲ ಎಂಬುದನ್ನು ಅವನು ಮೊದಲೇ ಕಂಡುಕೊಂಡ. ಎದುರಾಳಿಯನ್ನು ಅಳೆದು ಅದಕ್ಕೆ ತಕ್ಕಂತೆ ಆಡುವುದೇ ಜಾಣತನವಾದರೆ ಶಕುನಿಗಿಂತ ಜಾಣ ಇನ್ನಾರು? ಆದರೂ ಆ ಸಭೆಯನ್ನು ಒಳ್ಳೆಯ ಆಟ ಎಂದು ನಾವು ಯಾರೂ ಹೊಗಳುವುದಿಲ್ಲ.

ಎರಡನೆಯ ಉತ್ತರ ಧರ್ಮರಾಯನದೇ. ವನವಾಸದಲ್ಲಿ ಬೃಹದಶ್ವ ಋಷಿ ನಳನ ಕಥೆ ಹೇಳಿ ಅವನಿಗೆ ಅಕ್ಷಹೃದಯವನ್ನು, ಎಂದರೆ ದಾಳದ ಒಳಗುಟ್ಟನ್ನು, ಕಲಿಸುತ್ತಾನೆ. ಅದೇ ವಿದ್ಯೆಯ ಬಲದಿಂದ ಅವನು ಕಂಕನೆಂಬ ಹೆಸರಿನಲ್ಲಿ ವಿರಾಟನ ಆಸ್ಥಾನದಲ್ಲಿ ದಾಳ ಉರುಳಿಸಿಕೊಂಡಿರುತ್ತಾನೆ. ಉತ್ತರ ಗೆದ್ದನೆಂಬ ಸುದ್ದಿ ಕೇಳಿ ಹಿಗ್ಗಿದ ರಾಜ ‘ಬಾ, ಆಡೋಣ’ ಎಂದಾಗ, ಗೆಲ್ಲಬಲ್ಲ ಕಂಕ ಹಿಂಜರಿಯುತ್ತಾನೆ. ಸಂತೋಷದಲ್ಲಿ ಮೈಮರೆತವನ ಜೊತೆ ಆಡಬಾರದು ಎನ್ನುತ್ತಾನೆ. ಜೂಜಿನಲ್ಲಿ ರಾಜ್ಯ, ತಮ್ಮಂದಿರು ಎಲ್ಲವನ್ನೂ ಕಳೆದುಕೊಂಡ ಯುಧಿಷ್ಠಿರನ ಕಥೆಯನ್ನು ಯಾರದೋ ಕಥೆಯೆಂಬಂತೆ ನೆನಪಿಸುತ್ತಾನೆ. ಎದುರಾಳಿಗೆ ತಕ್ಕಂತೆ ಆಟ ಬದಲಿಸುವುದು ಎಂದರೆ ಇದೂ ಹೌದು. ಬಲ್ಲವನು ‘ಇವತ್ತು ಬೇಡ’ ಎನ್ನುವುದು.

ಈಗ ನಮ್ಮ ಕಾಲಕ್ಕೆ ಬನ್ನಿ. ‘ಕೌಶಲದ ಆಟ’ ಎಂಬ ಮಾತನ್ನು ಆನ್‌ಲೈನ್ ರಮ್ಮಿ, ಪೋಕರ್ ಕಂಪನಿಗಳು ಎಷ್ಟು ವರ್ಷ ಗುರಾಣಿಯಂತೆ ಹಿಡಿದಿದ್ದವು! ಅದರ ಬೇರು 1967ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ನ್ಯಾಯಾಲಯ, ಮೂರೆಲೆಯಾಟ ಬರೀ ಅದೃಷ್ಟದ್ದು, ರಮ್ಮಿಗೆ ಬಿದ್ದ ಎಲೆಗಳ ನೆನಪು ಬೇಕು, ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಡಬೇಕೆಂಬ ಜಾಣ್ಮೆ ಬೇಕು ಎಂದಿತು. ಎಲ್ಲರೂ ಉದಾಹರಿಸುವುದು ಇಷ್ಟನ್ನೇ. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತ್ತು: ಪಣದ ಆಟದಿಂದ ಮನೆಯ ಅಥವಾ ಕ್ಲಬ್ಬಿನ ಒಡೆಯ ಲಾಭ ಮಾಡಿಕೊಳ್ಳುತ್ತಿದ್ದರೆ ಅಪರಾಧ ಸಾಬೀತಾಗಬಹುದು ಎಂದು. ಈ ಅರ್ಧವನ್ನು ಜಾಹೀರಾತುಗಳು ಎಂದೂ ಓದಲಿಲ್ಲ.

ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ನಿಷೇಧವನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಇಷ್ಟೆಲ್ಲ ವಾದದಲ್ಲಿ ಒಂದು ಸರಳ ಪ್ರಶ್ನೆ ಮೂಲೆಗೆ ಸರಿಯಿತು: ಕೌಶಲ ಯಾರ ಮೇಲೆ ನಡೆಯುತ್ತದೆ?

ಅಂದರ್ ಬಾಹರ್‌ನಲ್ಲಿ ಎಲೆ ಬೀಳುವ ಮುಂದೆ ಜಾಣನೂ ದಡ್ಡನೂ ಒಂದೇ. ಕೌಶಲದ ಆಟದಲ್ಲಿ ಹಾಗಲ್ಲ. ಹೆಚ್ಚು ಹೊತ್ತು ಆಡಿದಷ್ಟೂ ಬಲ್ಲವನು ಗೆಲ್ಲುತ್ತಾನೆ, ಬಾರದವನು ಸೋಲುತ್ತಾನೆ. ಕೌಶಲ ಎಂಬುದರ ಅರ್ಥವೇ ಅದು. ಹಾಗಾದರೆ ಬಾರದವನ ಸೋಲು ಖಚಿತವಾದಷ್ಟೂ ಆ ಆಟ ಸಭ್ಯ ಎಂದಾಯಿತಲ್ಲ? ಬಡಿಗೆಯಲ್ಲಿ ನುರಿತವನು ಹೊಡೆದರೆ ಪೆಟ್ಟಿನ ನೋವು ಕಡಿಮೆಯೇ?

ಮನೆಯ ಪಾಲಿನ ಲೆಕ್ಕವನ್ನೂ ಹಾಕಿ. ಆರು ಜನ ತಲಾ 500 ತಂದು ಕೂತರೆ ಒಟ್ಟು 3,000. ಆಟ ನಡೆಸುವವನು ಪ್ರತಿ ಆಟಕ್ಕೆ 10 ರೂಪಾಯಿ ಎತ್ತಿಕೊಂಡರೆ ನೂರು ಆಟಕ್ಕೆ 1,000 ಹೋಯಿತು. ಒಂದೆಲೆಯನ್ನೂ ಮುಟ್ಟದವನೇ ಅಲ್ಲಿ ಖಚಿತವಾಗಿ ಗೆದ್ದವನು. ‘ನಾನು ಜಾಣ’ ಎಂದುಕೊಂಡು ಕೂತವನು ಅವನಿಗೆ ಕೂಲಿಯಿಲ್ಲದ ಆಳು.

ಹಳ್ಳಿಯ ಕಟ್ಟೆಯಾಟವೇನು ದೇವರ ಪೂಜೆಯೇ ಎಂದು ನೀವು ಕೇಳಬಹುದು. ಅಲ್ಲ. ಅಲ್ಲಿಯೂ ಹತ್ತು ನೂರಾಗುತ್ತದೆ, ನೂರು ಸಾವಿರವಾಗುತ್ತದೆ, ಹಬ್ಬ ಮುಗಿದರೂ ಆಟ ಮುಗಿಯುವುದಿಲ್ಲ. ಆಗ ಪೊಲೀಸರು ಬಂದರೆ ನನ್ನದೇನೂ ತಕರಾರಿಲ್ಲ. ಆದರೆ ಕಟ್ಟೆಯಲ್ಲಿ ಒಂದು ಅನುಕೂಲವಿದೆ. ಎದುರಿನವನ ಮುಖ ಕಾಣುತ್ತದೆ. ಅವನು ಅಣ್ಣನೋ ಭಾವನೋ ಪಕ್ಕದ ಹೊಲದವನೋ ಆಗಿರುತ್ತಾನೆ. ಅವನ ಜೇಬಿನಲ್ಲಿರುವುದು ಯಾವ ದುಡ್ಡು ಎಂಬುದು ನಿಮಗೆ ಗೊತ್ತಿರುತ್ತದೆ. ರಾಮನಾಥಪುರದ ಹರಾಜಿನಲ್ಲಿ ಹೊಗೆಸೊಪ್ಪು ಮಾರಿ ಉಳಿಸಿದ್ದೋ, ಯುಗಾದಿ ಕಳೆದ ಒಂದೆರಡು ತಿಂಗಳಿಗೆ ಹಾಸನದ ಮಾರುಕಟ್ಟೆಯಲ್ಲಿ ಬಿತ್ತನೆ ಆಲೂಗಡ್ಡೆಗೆ ಕೊಡಬೇಕಾದ್ದೋ. ಫೋನಿನ ತೆರೆಯ ಮೇಲೆ ಅವನೊಂದು ಬಣ್ಣದ ಚಿತ್ರ, ಕೆಳಗೊಂದು ಅಂಕಿ. ಗೊತ್ತಿಲ್ಲದವನನ್ನು ಸುಲಿಯುವುದು ಸುಲಭ. ಗೊತ್ತಿದ್ದೂ ಸುಲಿಯಬೇಕಾದರೆ ಶಕುನಿಯೇ ಆಗಬೇಕು.

ಆದ್ದರಿಂದ ಜಾಣರಿಗೆ ನನ್ನ ಮಾತು ಇಷ್ಟು. ನೆಟ್ಟಗೆ ಆಡಿ, ಗೆಲ್ಲಿ. ಬೇಕೆಂದೇ ಸೋಲುವುದು ಬೇಡ, ಅದು ಎದುರಿನವನಿಗೆ ಮಾಡುವ ಅವಮಾನ. ಆದರೆ ಪಣ ಏರಿಸಬೇಡಿ. ಸೋತವನು ರೋಷದಿಂದ ‘ಡಬಲ್’ ಎಂದರೂ ಒಪ್ಪಬೇಡಿ, ಆ ಮಾತು ಹೇಳುವುದು ಅವನಲ್ಲ, ಅವನ ಸೋಲು. ಸಾಲ ಕೊಟ್ಟು ಆಡಿಸಬೇಡಿ. ಪ್ರತಿ ಆಟಕ್ಕೂ ಪಾಲು ಕೀಳುವವನ ಮನೆಯಲ್ಲಿ ಕೂರಬೇಡಿ. ಹತ್ತು ರೂಪಾಯಿ ಆಟ ಹತ್ತು ರೂಪಾಯಿಯದಾಗಿಯೇ ಉಳಿಯುವುದು ಬಾರದವನ ಕೈಯಲ್ಲಿಲ್ಲ, ಬಲ್ಲವನ ಕೈಯಲ್ಲಿದೆ. ಅಷ್ಟನ್ನು ಕಾಯಲಾರದ ಕೌಶಲಕ್ಕೆ ಯಾವ ನ್ಯಾಯಾಲಯ ಏನೇ ಹೆಸರು ಕೊಡಲಿ, ನಮ್ಮ ಕಡೆ ಅದಕ್ಕೆ ಮೊದಲಿನಿಂದಲೂ ಜೂಜು ಎಂದೇ ಹೆಸರು.