ಮನೆಯೊಳಗೇ ಹೊರಗಿನವಳು

ಕಲಾವಿದ ಸಮಾಜದಿಂದ ದೂರ ನಿಲ್ಲುವವನು ಎಂಬ ಮಾತು ಹಳೆಯದು. ಆದರೆ ಲೇಖಕಿಯರ ಕಾದಂಬರಿಗಳಲ್ಲಿ ಆ ದೂರ ಹಲವು ಬಾರಿ ಕಲಾವಿದೆ ಆರಿಸಿಕೊಂಡದ್ದಲ್ಲ, ಅವಳ ಮೇಲೆ ಹೇರಿದ್ದು. ವರ್ಜೀನಿಯಾ ವುಲ್ಫ್ ಅವರ ‘ಟು ದ ಲೈಟ್‌ಹೌಸ್’ (1927) ಇದಕ್ಕೆ ಗಟ್ಟಿ ಸಾಕ್ಷಿ. ಚಿತ್ರಕಾರ್ತಿ ಲಿಲಿ ಬ್ರಿಸ್ಕೋ ರಾಮ್ಸೆ ಕುಟುಂಬದ ಅತಿಥಿ. ಹೆಂಗಸರಿಗೆ ಚಿತ್ರ ಬರೆಯಲು ಬಾರದು ಎನ್ನುವ ಇನ್ನೊಬ್ಬ ಅತಿಥಿ ಟ್ಯಾನ್ಸ್ಲಿಯನ್ನೇ ಅವಳು ಊಟದ ಮೇಜಿನಲ್ಲಿ ಓಲೈಸಬೇಕು. ಮದುವೆಯಾಗೆಂಬ ಒತ್ತಾಯ ಬೇರೆ. ಅದೇ ಮೇಜಿನಲ್ಲಿ ಉಪ್ಪಿನ ಬಟ್ಟಲನ್ನು ಸರಿಸಿ, ಚಿತ್ರದಲ್ಲಿ ಮರ ಎಲ್ಲಿರಬೇಕೆಂದು ಗುರುತಿಟ್ಟುಕೊಳ್ಳುತ್ತಾಳೆ. ಎಲ್ಲರ ನಡುವೆ ಕುಳಿತೂ ಹೊರಗಿರುವುದೆಂದರೆ ಇದೇ.

ಗಂಡು ಕಲಾವಿದನೂ ಒಂಟಿಯಲ್ಲವೇ ಎಂದು ಕೇಳಬಹುದು. 1916ರಲ್ಲಿ ಪುಸ್ತಕವಾಗಿ ಬಂದ ಜೇಮ್ಸ್ ಜಾಯ್ಸ್ ಕಾದಂಬರಿಯ ನಾಯಕ ಸ್ಟೀಫನ್ ಡೆಡಾಲಸ್ ಒಂಟಿಯೇ, ನಿಜ. ಆದರೆ ಅವನು ಮನೆ, ಧರ್ಮ, ದೇಶಗಳನ್ನು ಬಿಟ್ಟು ಹೊರಡಬಲ್ಲ. ಗಂಡೆಂಬ ಕಾರಣಕ್ಕೆ ಅವನ ಪ್ರತಿಭೆಯನ್ನು ಯಾರೂ ಶಂಕಿಸುವುದಿಲ್ಲ. ಹಾಗಾದರೆ ಕಲೆಗಾಗಿ ಸಂಸಾರವನ್ನು ತಿರಸ್ಕರಿಸಬೇಕೆಂದು ವುಲ್ಫ್ ಹೇಳುತ್ತಾರೆಯೇ? ಇಲ್ಲ. ಲಿಲಿ ಮನೆಯೊಡತಿ ಶ್ರೀಮತಿ ರಾಮ್ಸೆಯನ್ನು ಪ್ರೀತಿಸುತ್ತಾಳೆ, ಅವರನ್ನೇ ಚಿತ್ರಿಸುತ್ತಾಳೆ. ತನ್ನ ಚಿತ್ರ ಅಟ್ಟ ಸೇರಬಹುದೆಂದು ತಿಳಿದೂ ಅದನ್ನು ಮುಗಿಸುತ್ತಾಳೆ. ಆ ಒಂಟಿತನವನ್ನು ಕೊಂಡಾಡುವ ಮೊದಲು, ಅವಳನ್ನು ಹೊರಗಿಟ್ಟವರು ಯಾರೆಂದು ನಾವು ಕೇಳಲೇಬೇಕು.