ಮುತ್ಯಾನ ಮಾತು: ಪಾಪೆ ಹೇಳಿದ ಸುದ್ದಿ



ಹೋದ ಬೇಸಿಗೆ ರಜೆಯಲ್ಲಿ ರಾಜೇಶ್ವರದ ನಮ್ಮ ಮನೆಯಲ್ಲಿ ನಡೆದ ಸಂಗತಿ ಇದು. ಎಂಟು ವರ್ಷದ ಮೊಮ್ಮಗ ಬೇವಿನ ಗಿಡದಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಅತ್ತು ಸುಮ್ಮನಾಗಿ, ಮತ್ತೆ ಆಟಕ್ಕೆ ಹೋದ. ಸಂಜೆಗೆ ಎರಡು ಸಲ ವಾಂತಿ ಮಾಡಿ ತೂಕಡಿಸತೊಡಗಿದ.

"ದಣಿದಾನ, ಮಲಗಲಿ ಬಿಡವ್ವಾ" ಎಂದೆ. ಸೊಸೆ ಕೇಳಲಿಲ್ಲ. "ಇಲ್ರಿ ಮಾಮಾ, ದವಾಖಾನಿಗೆ ಹೋಗೋಣ್ರಿ" ಎಂದು ಹಟ ಹಿಡಿದಳು.

ಕಲಬುರಗಿಯಲ್ಲಿ ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ಬಲಗಣ್ಣಿನ ಪಾಪೆ ದೊಡ್ಡದಾಗಿತ್ತು, ಬೆಳಕಿಗೆ ನಿಧಾನವಾಗಿ ಕಿರಿದಾಗುತ್ತಿತ್ತು. ಸ್ಕ್ಯಾನ್ ಮಾಡಿದಾಗ ಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಒತ್ತಡ ಇಳಿಸಲು ಮ್ಯಾನಿಟಾಲ್ ಏರಿಸಿ, ಅದೇ ರಾತ್ರಿ ಆಪರೇಶನ್ ಮಾಡಿದರು.

ಆಮೇಲೂ ಸಿಸ್ಟರ್ ಗಂಟೆಗೊಮ್ಮೆ ಬಂದು ಬ್ಯಾಟರಿ ಬಿಡುತ್ತಿದ್ದರು. "ಮುತ್ಯಾ, ಪೆಟ್ಟು ಬಿದ್ದಿದ್ದು ತಲೀಗಿ, ಕಣ್ಣ ಯಾಕ ನೋಡ್ತಾರ?" ಎಂದಳು ಮೊಮ್ಮಗಳು. ನನಗೂ ಗೊತ್ತಿರಲಿಲ್ಲ. ಡಾಕ್ಟರನ್ನೇ ಕೇಳಿದೆವು.

ಬುರುಡೆ ಮುಚ್ಚಿದ ಡಬ್ಬಿಯಂತೆ. ಒಳಗೆ ಮೆದುಳು, ರಕ್ತ, ನೀರಿನಂಥ ದ್ರವ (ದೊಡ್ಡವರಲ್ಲಿ ಸುಮಾರು 150 ಮಿ.ಲೀ.) ಇರುತ್ತವೆ. ರಕ್ತ ಹೆಪ್ಪುಗಟ್ಟಿ ಜಾಗ ಹಿಡಿದರೆ ಡಬ್ಬಿ ಹಿಗ್ಗುವುದಿಲ್ಲ, ಒತ್ತಡ ಏರುತ್ತದೆ. ಕಣ್ಣಿಗೆ ಬಿದ್ದ ಬೆಳಕಿನ ಸುದ್ದಿಯನ್ನು ಎರಡನೇ ನರ ಮೆದುಳಿಗೆ ಒಯ್ಯುತ್ತದೆ. 'ಪಾಪೆ ಕಿರಿದಾಗಲಿ' ಎಂಬ ಅಪ್ಪಣೆಯನ್ನು ಮೂರನೇ ನರ ತರುತ್ತದೆ. ಇದು ನಾವು ಯೋಚಿಸದೆ ತಾನಾಗಿ ಆಗುವ ಪರಾವರ್ತಿತ ಕ್ರಿಯೆ. ಒತ್ತಡ ಹೆಚ್ಚಾಗಿ ಮೂರನೇ ನರ ಅದುಮಿದರೆ ಪಾಪೆ ಅಗಲವಾಗಿಯೇ ಉಳಿಯುತ್ತದೆ. ಚಿಕಿತ್ಸೆ ಫಲಿಸಿ ಒತ್ತಡ ಇಳಿದರೆ ಮತ್ತೆ ಬೆಳಕಿಗೆ ಸ್ಪಂದಿಸುತ್ತದೆ. ಅದಕ್ಕೇ ಮೇಲಿಂದ ಮೇಲೆ ನೋಡುವುದು.

ಜೊತೆಗೆ ಹೆಸರು ಕೇಳುತ್ತಾರೆ, ಕೈ ಎತ್ತಿಸುತ್ತಾರೆ, ಅದಕ್ಕೆ ಅಂಕ ಕೊಡುತ್ತಾರೆ. ಈ ಲೆಕ್ಕವನ್ನು 1974ರಲ್ಲಿ ಗ್ಲಾಸ್ಗೋದ ಇಬ್ಬರು ವೈದ್ಯರು ಪ್ರಕಟಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಶುರುವಾದದ್ದೂ ಅದೇ ವರ್ಷ.

ಬೆಳಗಿನ ಜಾವ ಸಿಸ್ಟರ್ "ಎರಡೂ ಸಮ ಅದಾವ್ರಿ" ಎಂದಾಗ ಸೊಸೆ ಗೋಡೆಗೆ ಒರಗಿ ಅತ್ತುಬಿಟ್ಟಳು.

ನೀವೂ ನೋಡಿ: ಮಬ್ಬು ಬೆಳಕಿನ ಕೋಣೆಯಲ್ಲಿ ಕನ್ನಡಿ ಮುಂದೆ ನಿಂತು, ಅಂಗೈಯಿಂದ ಕಣ್ಣು ಮುಚ್ಚಿ, ಹತ್ತು ಎಣಿಸಿ, ದೀಪ ಹಾಕಿ ಕಣ್ಣು ತೆರೆಯಿರಿ. ಪಾಪೆ ಕಿರಿದಾಗುವುದು ಕಾಣುತ್ತದೆ.

ಆದರೆ ತಲೆಗೆ ಪೆಟ್ಟು ಬಿದ್ದಾಗ ಮನೆಯಲ್ಲಿ ಪಾಪೆ ನೋಡುತ್ತಾ ಕೂರಬೇಡಿ. ಪಾಪೆ ಕೆಡುವುದು ಎಷ್ಟೋ ಸಲ ತಡವಾಗಿ. ವಾಂತಿ, ಹೆಚ್ಚುವ ತಲೆನೋವು, ವಿಪರೀತ ಮಂಪರು ಕಂಡರೆ ಕೂಡಲೇ ದವಾಖಾನೆಗೆ ಹೋಗಿ. "ಮಲಗಲಿ ಬಿಡು" ಎನ್ನುವ ನನ್ನಂಥ ಮುತ್ಯಾನ ಮಾತು ಆ ಹೊತ್ತಿಗೆ ಕೇಳಬೇಡಿ.

ನಿಮ್ಮ ಮುತ್ಯಾ