ಹ್ಞೂಂ ಅಂದರೆ ಕೇಳಿಸಿತು ಅಂತಲ್ಲ, ಡಾಕ್ಟರೇ!

ಬಾಣಾವರದ ನಮ್ಮ ದೊಡ್ಡಮ್ಮನಿಗೆ ಈಗ 76 ವರ್ಷ. ಕಿವಿ ಮಂದವಾಗಿ ಹತ್ತು ವರ್ಷವಾಯಿತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದನ್ನು ತೆಗೆಸಿದ್ದೇವೆ, ಇನ್ನೊಂದು ಬಾಕಿ. ಜೊತೆಗೆ ಸಕ್ಕರೆ ಕಾಯಿಲೆ. ಇಷ್ಟೆಲ್ಲ ಇದ್ದರೂ ತೋಟದಿಂದ ಬಂದ ಕಾಯಿ ಲೆಕ್ಕದಲ್ಲಿ ಒಂದು ಹೆಚ್ಚುಕಮ್ಮಿಯಾದರೂ ಹಿಡಿಯುತ್ತಾಳೆ. ಅರಸೀಕೆರೆ ಮಾರುಕಟ್ಟೆಯಲ್ಲಿ ಕೊಬ್ಬರಿಗೆ ಇವತ್ತು ಏನು ಧಾರಣೆ ಎಂದು ನನ್ನನ್ನೇ ಪರೀಕ್ಷೆ ಮಾಡುತ್ತಾಳೆ. ಬುದ್ಧಿಗೆ ಏನೂ ಆಗಿಲ್ಲ ಎಂದು ಹೇಳಲಿಕ್ಕೆ ಇದನ್ನು ಬರೆದೆ.

ಅವಳನ್ನು ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಹೆಸರು ಬೇಡ, ಎಲ್ಲ ಕಡೆಯೂ ನಡೆಯುವ ಕಥೆಯೇ ಇದು. "ಒಬ್ಬರೇ ಒಳಗೆ" ಎಂದು ಬಾಗಿಲಲ್ಲಿದ್ದವನು ನನ್ನನ್ನು ಹೊರಗೆ ನಿಲ್ಲಿಸಿದ. ಒಳಗೆ ಕಿರಿಯ ಡಾಕ್ಟರು. ಬಾಯಿಗೆ ಮಾಸ್ಕು, ಕಣ್ಣು ಕಂಪ್ಯೂಟರಿನ ಮೇಲೆ, ಮಾತು ಅರ್ಧ ಇಂಗ್ಲಿಷು, ಕಾಲು ಹಿಂದಿ, ಉಳಿದದ್ದು ಕನ್ನಡ. ಎರಡು ನಿಮಿಷದಲ್ಲಿ ದೊಡ್ಡಮ್ಮ ಚೀಟಿ ಹಿಡಿದು ಹೊರಗೆ ಬಂದಳು. "ಏನಂದ್ರು?" ಅಂದೆ. "ಮಾತ್ರೆ ತಗೋ ಅಂದ್ರು" ಅಂದಳು. ಅಷ್ಟೇ.

ಡಾಕ್ಟರು ಹೇಳಿದ್ದು ಏನೆಂದರೆ, ಹಳೆಯ ಸಕ್ಕರೆ ಮಾತ್ರೆ ನಿಲ್ಲಿಸಿ, ಇದನ್ನು ಮಾತ್ರ ತಗೊಳ್ಳಿ. ಎರಡೂ ಒಂದೇ ಔಷಧಿ, ಕಂಪನಿ ಬೇರೆ, ಹೆಸರು ಬೇರೆ. ಅವಳು ಎರಡನ್ನೂ ನುಂಗಿದಳು. ಮೂರನೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ ಕಾಯಿ ರಾಶಿಯ ಪಕ್ಕ ಬೆವತು ಬಿದ್ದಿದ್ದಳು. ಪಕ್ಕದ ಮನೆಯವರು ಬಾಯಿಗೆ ಸಕ್ಕರೆ ನೀರು ಹಾಕದೆ ಹೋಗಿದ್ದರೆ ನಾನು ಇವತ್ತು ಬೇರೆಯೇ ಲೇಖನ ಬರೆಯಬೇಕಾಗಿತ್ತು.

ಆಮೇಲೆ ಕೇಳಿದೆ: "ಕೇಳಿಸ್ಲಿಲ್ಲ ಅಂತ ಹೇಳಬಾರದಿತ್ತಾ ದೊಡ್ಡಮ್ಮ?" ಅವಳು ಅಂದದ್ದು: "ಒಂದು ಸಲ ಕೇಳಿದೆ ಕಣಪ್ಪ. ಎರಡನೇ ಸಲ ಕೇಳಿದ್ರೆ ರೇಗ್ತಾರೆ. ಅದ್ಕೇ ಹ್ಞೂಂ ಅಂದೆ."

ಗೆಳೆಯರೇ, ಈ ಒಂದು 'ಹ್ಞೂಂ' ಎಷ್ಟು ಜನರನ್ನು ಮಲಗಿಸಿದೆಯೋ ಲೆಕ್ಕ ಇಟ್ಟವರಿಲ್ಲ. ಕಿವಿ ಕೇಳದವರು ನಾಚಿಕೆಗೆ, ಹೆದರಿಕೆಗೆ, ಹಿಂದೆ ನಿಂತ ಸಾಲಿನ ಗೊಣಗಾಟಕ್ಕೆ ತಲೆಯಾಡಿಸುತ್ತಾರೆ. ತಲೆಯಾಡಿಸಿದರೆ ಅರ್ಥವಾಯಿತು ಎಂದು ಡಾಕ್ಟರು ತಿಳಿಯುತ್ತಾರೆ. ಆ ಹುಡುಗ ಕೆಟ್ಟವನೇ? ಅಲ್ಲ. ಹೃದಯದ ನಾಲ್ಕು ಕೋಣೆ, ಮೂಳೆಗಳ ಹೆಸರು, ಎಲ್ಲ ಬಾಯಿಪಾಠ ಮಾಡಿ ಬಂದವನು. "ಈಗ ಮನೆಗೆ ಹೋಗಿ ಏನು ಮಾಡ್ತೀರಿ, ನೀವೇ ಹೇಳಿ ನೋಡೋಣ" ಎಂಬ ಒಂದು ವಾಕ್ಯವನ್ನು ಮಾತ್ರ ಅವನಿಗೆ ಯಾರೂ ಕಲಿಸಿರಲಿಲ್ಲ. ದೊಡ್ಡಮ್ಮ ಉತ್ತರ ಹೇಳುವಾಗಲೇ ತಪ್ಪು ಸಿಕ್ಕಿಬೀಳುತ್ತಿತ್ತು. ಅರ್ಧ ನಿಮಿಷದ ಕೆಲಸ!

ಕಲಿಸಬೇಕೆಂದು ಕಾನೂನು ಇಲ್ಲವೇ? ಇದೆ ಸ್ವಾಮಿ, ಚೆನ್ನಾಗಿಯೇ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 47ನೇ ಕಲಮು ತೆಗೆದು ನೋಡಿ. ಡಾಕ್ಟರು, ನರ್ಸು, ಅರೆವೈದ್ಯಕೀಯ ಸಿಬ್ಬಂದಿ, ಆಶಾ, ಅಂಗನವಾಡಿ ಕಾರ್ಯಕರ್ತೆಯರು, ಎಲ್ಲರ ಪಾಠದಲ್ಲೂ ಅಂಗವೈಕಲ್ಯದ ವಿಷಯ ಸೇರಿಸಬೇಕು ಎನ್ನುತ್ತದೆ. 25ನೇ ಕಲಮು ಇನ್ನೂ ಮುಂದೆ ಹೋಗಿ, ಸರ್ಕಾರಿ ಆಸ್ಪತ್ರೆ, ಖಾಸಗಿ ಆಸ್ಪತ್ರೆ ಎರಡರಲ್ಲೂ ಇವರಿಗೆ ಅಡೆತಡೆ ಇರಬಾರದು, ನೋಡುವುದರಲ್ಲೂ ಚಿಕಿತ್ಸೆಯಲ್ಲೂ ಆದ್ಯತೆ ಕೊಡಬೇಕು ಎನ್ನುತ್ತದೆ. ಈ ಆದ್ಯತೆಯ ಬೋರ್ಡನ್ನು ಎಷ್ಟು ಆಸ್ಪತ್ರೆಯಲ್ಲಿ ನೋಡಿದ್ದೀರಿ? 2019ರಲ್ಲಿ ಎಂಬಿಬಿಎಸ್ ಮೊದಲ ವರ್ಷದ ಆರಂಭಿಕ ಕೋರ್ಸಿಗೆ ಅಂಗವೈಕಲ್ಯದ ಪಾಠ ಸೇರಿತು. ಎಷ್ಟು ಗಂಟೆ ಗೊತ್ತೇ? ಏಳು! ನಾಲ್ಕೂವರೆ ವರ್ಷದ ಓದಿನಲ್ಲಿ ಏಳು ಗಂಟೆ. ಅದೂ ಭದ್ರವಾಗಿ ಉಳಿಯಲಿಲ್ಲ. 2024ರಲ್ಲಿ ಬಂದ ಹೊಸ ಮಾರ್ಗಸೂಚಿಯಲ್ಲಿ ಅದನ್ನು ಕೈಬಿಟ್ಟಿದ್ದಾರೆ ಎಂದು ಅಂಗವಿಕಲ ವೈದ್ಯರೂ ಹೋರಾಟಗಾರರೂ ಮತ್ತೆ ದನಿಯೆತ್ತಬೇಕಾಯಿತು. (ಹೆಸರು ಬದಲಾಯಿಸುವುದರಲ್ಲಿ ಮಾತ್ರ ನಾವು ಮುಂದೆ. ಅಂಗವಿಕಲ ಹೋಗಿ ವಿಕಲಚೇತನ ಬಂತು, ವಿಶೇಷಚೇತನವೂ ಬಂತು. ಬಾಗಿಲಲ್ಲಿ ನಿಂತವನು ಮಾತ್ರ ಬದಲಾಗಲಿಲ್ಲ.)

ಇದು ಎಲ್ಲೋ ನಾಲ್ಕು ಜನರ ಪಾಡಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ದೃಷ್ಟಿದೋಷದವರು 2 ಲಕ್ಷ 64 ಸಾವಿರ, ಶ್ರವಣದೋಷದವರು 2 ಲಕ್ಷ 35 ಸಾವಿರ ಎಂದು ಬರೆದುಕೊಂಡರು. ನಮ್ಮ ದೊಡ್ಡಮ್ಮನಂಥವರು ಇದರಲ್ಲಿ ಸೇರಿಲ್ಲ ಎಂದು ಪಂದ್ಯ ಕಟ್ಟುತ್ತೇನೆ. ಗಣತಿಯವರು ಕೇಳಿದಾಗ "ವಯಸ್ಸಾಯ್ತಲ್ಲ, ಅಷ್ಟೇ" ಅಂದಿರುತ್ತಾಳೆ.

ಈಗ ನಮ್ಮ ಪತ್ರಿಕೆಗೆ ಇದೇಕೆ ಎಂದು ಕೇಳುವವರಿಗೆ ಒಂದು ಮಾತು. ನಿಮ್ಮ ಮನೆಯ ಕನ್ನಡಿಯ ಮುಂದೆ ನಿಂತು ದನಿ ಬಿಡದೆ 'ಮಾತ್ರೆ' ಅನ್ನಿ. ಆಮೇಲೆ 'ಪಾತ್ರೆ' ಅನ್ನಿ. ತುಟಿ ಎರಡಕ್ಕೂ ಒಂದೇ ಥರ ಮುಚ್ಚಿ ತೆರೆಯುತ್ತದೆ. ಪ, ಬ, ಮ ಮೂರೂ ತುಟಿಯಲ್ಲಿ ಒಂದೇ. ಕಿವಿ ಕೇಳದವರು ಅರ್ಧ ತುಟಿ ನೋಡಿ, ಅರ್ಧ ಊಹೆ ಮಾಡಿ ಅರ್ಥ ಮಾಡಿಕೊಳ್ಳುತ್ತಾರೆ. ಆ ಊಹೆ ಯಾವ ಭಾಷೆಯಲ್ಲಿ ನಡೆಯುತ್ತದೆ? ಬದುಕಿಡೀ ಆಡಿದ ಭಾಷೆಯಲ್ಲಿ! ಕನ್ನಡದ ವಾಕ್ಯ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಗೊತ್ತಿರುವುದರಿಂದಲೇ 'ಪಾತ್ರೆ ನುಂಗು' ಅಲ್ಲ 'ಮಾತ್ರೆ ನುಂಗು' ಎಂದು ಹೊಳೆಯುತ್ತದೆ. ಎದುರಿಗಿರುವವರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡಿದರೆ ಆ ಊಹೆಗೆ ನೆಲವೇ ಇಲ್ಲ. ಕಿವಿ ನೆಟ್ಟಗಿರುವ ನೀವು ನಾನು ಅರೆಬರೆ ಹಿಂದಿಯಲ್ಲಿ ಹೇಗೋ ದಾಟಿಕೊಳ್ಳುತ್ತೇವೆ. ಕಿವಿ ಮಂದವಾದ ಕನ್ನಡಿಗನಿಗೆ ಆ ದಾರಿಯೂ ಮುಚ್ಚಿದೆ. ಆಸ್ಪತ್ರೆಯಲ್ಲಿ ಕನ್ನಡ ಬೇಕು ಎನ್ನುವುದು ಇವರ ಪಾಲಿಗೆ ಅಭಿಮಾನದ ಪ್ರಶ್ನೆಯಲ್ಲ, ಔಷಧಿಯ ಪ್ರಶ್ನೆ.

ಮಿಂಟೋ ಆಸ್ಪತ್ರೆಯ ವಿಷಯ ಎತ್ತದೆ ಮುಂದೆ ಹೋದರೆ ಅಪ್ರಾಮಾಣಿಕತೆಯಾಗುತ್ತದೆ. 2019ರ ಜುಲೈನಲ್ಲಿ ಅಲ್ಲಿ ಪೊರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಲವರು ದೃಷ್ಟಿ ಕಳೆದುಕೊಂಡರು. ನವೆಂಬರಿನಲ್ಲಿ ಅವರ ಪರವಾಗಿ ಕೇಳಲು ಹೋದ ಕನ್ನಡ ಕಾರ್ಯಕರ್ತರಿಗೂ ಕಿರಿಯ ವೈದ್ಯರಿಗೂ ಜಟಾಪಟಿಯಾಯಿತು. ಕನ್ನಡದಲ್ಲಿ ಮಾತಾಡಿ ಎಂಬ ಮಾತಿಗೆ ಮಾತು ಬೆಳೆಯಿತು. ವೈದ್ಯರು ಮುಷ್ಕರ ಹೂಡಿದರು, ರಾಜ್ಯದ ಎಷ್ಟೋ ಕಡೆ ಹೊರರೋಗಿ ವಿಭಾಗ ಮುಚ್ಚಿತು. ಟಿವಿಯವರಿಗೆ ಒಂದು ವಾರ ಹಬ್ಬ. ಕಣ್ಣು ಕಳೆದುಕೊಂಡವರು? ಅವರನ್ನು ಎರಡೂ ಕಡೆಯವರು ಮರೆತರು. ನಮ್ಮವರು ಎತ್ತಿದ ಪ್ರಶ್ನೆ ನೂರಕ್ಕೆ ನೂರು ಸರಿ, ಎತ್ತಿದ ರೀತಿಯಿಂದ ಪ್ರಶ್ನೆಯೇ ಸತ್ತುಹೋಯಿತು ಎಂದು ನನ್ನ ಅಭಿಪ್ರಾಯ. ಬೈಯುವವರು ಬೈಯಲಿ. ಇಪ್ಪತ್ತೈದು ವರ್ಷದ ಡಾಕ್ಟರ ಕೊರಳಪಟ್ಟಿ ಹಿಡಿದರೆ ಅವನಿಗೆ ಕನ್ನಡ ಬರುವುದಿಲ್ಲ. ಅವನಿಗೆ ಕಲಿಸದೆ ವಾರ್ಡಿಗೆ ಬಿಟ್ಟವರ ಮೇಜಿನ ಮುಂದೆ ಹೋಗಿ ಕೂರಬೇಕು. ಸ್ಥಳೀಯ ಭಾಷೆ ಕಲಿಸಬೇಕೆಂಬುದು ಅದೇ 2019ರ ಆರಂಭಿಕ ಕೋರ್ಸಿನಲ್ಲಿ ಇತ್ತು, ಕಂಪ್ಯೂಟರ್ ಕಲಿಕೆಯೂ ಸೇರಿ 40 ಗಂಟೆ. ಆ ಗಂಟೆಗಳು ಎಲ್ಲಿಗೆ ಹೋದವು ಎಂದು ಒಂದೊಂದು ಕಾಲೇಜಿನ ಹಾಜರಿ ಪುಸ್ತಕವನ್ನೂ ಕೇಳಬೇಕಾದವರು ನಾವು.

ಇನ್ನು ಹುಟ್ಟುಕಿವುಡರ ವಿಷಯ. ಇಲ್ಲಿ ನಾವು ಕನ್ನಡಪರರೇ ತುಸು ತಲೆ ತಗ್ಗಿಸಬೇಕು. ಸನ್ನೆ ಎಂದರೆ ಕೈಯಲ್ಲಿ ಆಡುವ ಕನ್ನಡ ಎಂದು ನಾನೂ ಬಹಳ ಕಾಲ ತಿಳಿದಿದ್ದೆ. ಅಲ್ಲ. ಅದಕ್ಕೆ ಅದರದೇ ವ್ಯಾಕರಣ, ಅದರದೇ ಪದ, ಅದರದೇ ತಮಾಷೆ ಇದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಕರು ಸಮ್ಮೇಳನ ಸೇರಿ, ಇನ್ನು ಶಾಲೆಯಲ್ಲಿ ಸನ್ನೆ ಬೇಡ, ಬಾಯಿಮಾತೇ ಸಾಕು ಎಂದು ಠರಾವು ಮಾಡಿದರು. ಠರಾವು ಮಾಡಿದವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಕಿವಿ ಕೇಳುವವರೇ! ಭಾಷಾ ಹೇರಿಕೆ ಎಂದರೆ ಏನೆಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಾಗಿದ್ದ ಮೇಲೆ ಈ ಕನ್ನಡಿಗರ ಭಾಷೆಯ ಪರವಾಗಿ ಮೊದಲು ನಿಲ್ಲಬೇಕಾದವರು ಯಾರು? ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಸ್ಥೆ ಆರಂಭವಾದದ್ದೇ 2015ರಲ್ಲಿ. ಈಗ ಅಲ್ಲಿ ಹತ್ತು ಸಾವಿರ ಪದಗಳ ಸನ್ನೆ ನಿಘಂಟು ಇದೆ, ಮೊಬೈಲಿನಲ್ಲೇ ನೋಡಬಹುದು. 'ನೋವು ಎಲ್ಲಿ', 'ಎಷ್ಟು ದಿನದಿಂದ', 'ಉಸಿರು ಬಿಗಿಹಿಡಿ', 'ಗರ್ಭಿಣಿಯಾ' ಎಂಬ ಮೂವತ್ತು ನಲವತ್ತು ಸನ್ನೆ ಕಲಿಯಲು ನರ್ಸ್ ಒಬ್ಬರಿಗೆ ಎರಡು ಮಧ್ಯಾಹ್ನ ಸಾಕು. ಆಪರೇಶನ್‌ಗೆ ಒಪ್ಪಿಗೆ ಪಡೆಯುವಾಗ ಅಷ್ಟು ಸಾಲದು, ಸನ್ನೆ ಬಲ್ಲ ದುಭಾಷಿಯೇ ಬೇಕು. ಈಗ ಆಗುತ್ತಿರುವುದೇನು? ತಾಯಿಗೆ ಗರ್ಭಕೋಶದ ಗೆಡ್ಡೆ ಎಂಬುದನ್ನು ಎಂಟನೇ ಕ್ಲಾಸಿನ ಮಗನ ಕೈಲಿ ಹೇಳಿಸುತ್ತಾರೆ. ಆ ಮಗುವಿನ ಮುಖವನ್ನು ಒಂದು ಸಲ ನೋಡಿದವರು ಅದನ್ನು ಮರೆಯಲಾರರು.

ಕಣ್ಣು ಕಾಣದವರಿಗೆ ಏನು ಮಾಡುತ್ತೇವೆ? ಗದುಗಿನ ವೀರೇಶ್ವರ ಪುಣ್ಯಾಶ್ರಮ ಎಂದರೆ ಕೈಮುಗಿಯುತ್ತೇವೆ, ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಎಂದರೆ ಎದೆಯುಬ್ಬುತ್ತದೆ. ಉಬ್ಬಲಿ, ತಪ್ಪಿಲ್ಲ. ಅಂಥ ಒಬ್ಬ ಗಾಯಕನೇ ಇವತ್ತು ಜ್ವರ ಬಂದು ಆಸ್ಪತ್ರೆಗೆ ಹೋದರೆ ಅವನ ಎದುರಿಗೇ ಜೊತೆಯವರನ್ನು ಕೇಳುತ್ತಾರೆ: "ಇವರಿಗೆ ಏನಾಗಿದೆ?" ಕಾಣದಿರುವುದು ಕಣ್ಣು, ಬಾಯಲ್ಲ! ಯಾರೆಂದು ಹೇಳದೆ ತೋಳಿಗೆ ಸೂಜಿ ಚುಚ್ಚುತ್ತಾರೆ. ರಟ್ಟೆ ಹಿಡಿದು ದನ ಎಳೆದ ಹಾಗೆ ಎಳೆಯುತ್ತಾರೆ. ಕಲಿಸಬೇಕಾದದ್ದು ದೊಡ್ಡ ವಿದ್ಯೆಯೇನಲ್ಲ. ಹೆಸರು ಹೇಳಿ ಮಾತು ಶುರು ಮಾಡುವುದು, ಮುಟ್ಟುವ ಮುಂಚೆ ಹೇಳುವುದು, ಅವರ ರಟ್ಟೆ ಹಿಡಿಯದೆ ನಮ್ಮ ಮೊಣಕೈ ಕೊಡುವುದು, ಮಂಚದಿಂದ ಬಚ್ಚಲಿಗೆ ಎಷ್ಟು ಹೆಜ್ಜೆ, ನೀರಿನ ಲೋಟ ಎಲ್ಲಿದೆ ಎಂದು ಒಮ್ಮೆ ತೋರಿಸುವುದು, ಹೋಗುವಾಗ ಹೋಗುತ್ತಿದ್ದೇನೆ ಎನ್ನುವುದು. ಕಡೆಯದನ್ನು ಯಾರೂ ಮಾಡುವುದಿಲ್ಲ. ಖಾಲಿ ಕುರ್ಚಿಯ ಜೊತೆ ಐದು ನಿಮಿಷ ಮಾತಾಡಿದ ಮುಜುಗರ ಅನುಭವಿಸಿದವರಿಗೇ ಗೊತ್ತು.

ಟೋಕನ್ ವ್ಯವಸ್ಥೆ ನೋಡಿ. ಒಂದು ಕಡೆ ನಂಬರು ಕೂಗುತ್ತಾರೆ, ಕಿವುಡನ ಸರದಿ ಹೋಯಿತು. ಇನ್ನೊಂದು ಕಡೆ ಕೂಗುವುದನ್ನು ಬಿಟ್ಟು ಕೆಂಪು ದೀಪದ ಬೋರ್ಡು ಹಾಕಿದ್ದಾರೆ, ಕುರುಡನ ಸರದಿ ಹೋಯಿತು. ಎರಡೂ ಮಾಡಿ ಎಂದು ಹೇಳಲು ವಿಧಾನಸೌಧದಿಂದ ಸುತ್ತೋಲೆಯೇ ಬರಬೇಕೆ?

ಈ ನಾಡಿಗೆ ಇದೆಲ್ಲ ಹೊಸದಲ್ಲ ಎಂಬುದೇ ಹೆಚ್ಚು ಹೊಟ್ಟೆ ಉರಿಸುವ ಸಂಗತಿ. ಮೈಸೂರಿನಲ್ಲಿ ಕುರುಡ ಮತ್ತು ಕಿವುಡ ಮಕ್ಕಳಿಗೆ ಶಾಲೆ ತೆರೆದದ್ದು 1901ರಲ್ಲಿ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಶಿಬಿರ ಹಾಕಿ ಪೊರೆ ತೆಗೆದರು, ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರ ಹೆಸರಿನಲ್ಲಿದೆ. ಕಿವಿ ಮತ್ತು ಮಾತಿನ ತೊಂದರೆಗೆಂದೇ ದೇಶಕ್ಕೆಲ್ಲ ಹೆಸರಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ನಮ್ಮ ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಮೈಸೂರಿಗೂ ಹಾಸನಕ್ಕೂ ಬಸ್ಸಿನಲ್ಲಿ ಮೂರು ತಾಸಿನ ದಾರಿ. ಕಲಿಸಬಲ್ಲವರು ಅಲ್ಲಿ, ಕಲಿಯಬೇಕಾದವರು ಇಲ್ಲಿ. ನಡುವೆ ಓಡಾಡಬೇಕಾದದ್ದು ಒಂದು ಜೀಪು. ಅರಸೀಕೆರೆ, ಬೇಲೂರು, ಹಳೇಬೀಡು, ಜಾವಗಲ್, ಬಾಣಾವರದ ನರ್ಸುಗಳನ್ನೂ ಆಶಾ ಕಾರ್ಯಕರ್ತೆಯರನ್ನೂ ವರ್ಷಕ್ಕೆ ಎರಡು ದಿನ ಕೂರಿಸಿ ಕಲಿಸಲು ಎಷ್ಟು ಕೋಟಿ ಬೇಕು? ಒಂದು ಸಮಾವೇಶದ ಪೆಂಡಾಲಿನ ಖರ್ಚು ಸಾಕು.

ಕಲಿಸುವವರು ಯಾರು ಎಂಬುದೂ ಮುಖ್ಯ. ಪರದೆಯ ಮೇಲೆ ಚಿತ್ರ ತೋರಿಸಿ, ಊಟ ಹಾಕಿ, ಸಹಿ ಮಾಡಿಸಿಕೊಂಡು ಕಳಿಸುವ ತರಬೇತಿ ಬೇಡ. ಕಣ್ಣು ಕಾಣದವರೇ, ಕಿವಿ ಕೇಳದವರೇ ಬಂದು ಕಲಿಸಲಿ, ಸಂಭಾವನೆ ಪಡೆದು ಕಲಿಸಲಿ. ಗ್ರಾಮ ಪಂಚಾಯಿತಿಗಳಲ್ಲಿ ಅಲ್ಪ ಗೌರವಧನಕ್ಕೆ ದುಡಿಯುವ ವಿ.ಆರ್.ಡಬ್ಲ್ಯೂಗಳು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾವೇ ವಿಕಲಚೇತನರು. ಅವರಿಗಿಂತ ಒಳ್ಳೆಯ ಮೇಷ್ಟ್ರು ಎಲ್ಲಿ ಸಿಗುತ್ತಾರೆ?

ಹೊರಗಿನವರನ್ನು ಹೊಗಳುವ ಚಟ ನನಗಿಲ್ಲ. ಆದರೂ ಹೇಳುತ್ತೇನೆ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ 2016ರಿಂದ ಒಂದು ನಿಯಮವಿದೆ. ರೋಗಿಗೆ ಕಣ್ಣು, ಕಿವಿಯ ತೊಂದರೆ ಇದ್ದರೆ ಹೇಗೆ ತಿಳಿಸಬೇಕೆಂದು ಮೊದಲೇ ಕೇಳಿ, ದಾಖಲೆಯಲ್ಲಿ ಎದ್ದು ಕಾಣುವಂತೆ ಬರೆದು, ಮುಂದಿನವರಿಗೂ ದಾಟಿಸಬೇಕು. ನಮ್ಮ ಓಪಿಡಿ ಚೀಟಿಯ ಮೇಲೆ ಕೆಂಪು ಇಂಕಿನಲ್ಲಿ 'ಕಿವಿ ಮಂದ, ಮುಖ ನೋಡಿ ಮಾತಾಡಿ' ಎಂದು ಬರೆದರೆ ಆಯಿತು. ಯುರೋಪಿನ ಒಕ್ಕೂಟದಲ್ಲಿ 2004ರ ಕಾನೂನಿನಂತೆ ಔಷಧಿ ಡಬ್ಬಿಯ ಮೇಲೆ ಬ್ರೈಲ್ ಚುಕ್ಕಿಗಳಲ್ಲಿ ಹೆಸರು ಇರಬೇಕು. ನಮ್ಮ ಮಾತ್ರೆ ಶೀಟಿನ ಮೇಲೆ ಬ್ರೈಲ್ ಇರಲಿ, ಕನ್ನಡ ಅಕ್ಷರ ಕಂಡರೇ ಅಪರೂಪ.

ಈ ನವೆಂಬರಿನಲ್ಲಿ ಬಾವುಟ ಕಟ್ಟುವ ಸಂಘದ ಹುಡುಗರು ಒಂದು ಕೆಲಸ ಮಾಡಿ. ನಿಮ್ಮ ಬಡಾವಣೆಯ ಆಸ್ಪತ್ರೆಗೆ ಹೋಗಿ, ಕೂಗಾಡದೆ ಮೂರು ಪ್ರಶ್ನೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಸಿಬ್ಬಂದಿಗೆ ಈ ತರಬೇತಿ ಯಾವಾಗ ಆಯಿತು? ಸನ್ನೆ ಬಲ್ಲವರನ್ನು ಕರೆಸಲು ಯಾರಿಗೆ ಫೋನ್ ಮಾಡುತ್ತೀರಿ? ಕನ್ನಡ ಬಾರದ ಡಾಕ್ಟರಿಗೆ ಯಾರು ಕಲಿಸುತ್ತಿದ್ದಾರೆ? ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿ. ಉತ್ತರ ಬಂದರೆ ಪತ್ರಿಕೆಗೆ ಕಳಿಸಿ, ಬರದಿದ್ದರೂ ಕಳಿಸಿ.

ಮೊನ್ನೆ ಊರಿಗೆ ಹೋಗಿದ್ದೆ. ದೊಡ್ಡಮ್ಮನ ಗೂಡಿನಲ್ಲಿ ಎರಡು ಮಾತ್ರೆ ಶೀಟು. ಬೆಳಗಿನದಕ್ಕೆ ಒಂದು ರಬ್ಬರ್ ಬ್ಯಾಂಡು, ರಾತ್ರಿಯದಕ್ಕೆ ಎರಡು. ಬೆರಳಲ್ಲಿ ಮುಟ್ಟಿ ನೋಡಿ ಸರಿಯಾಗಿ ತೆಗೆಯುತ್ತಾಳೆ. ಯಾರು ಹೇಳಿಕೊಟ್ಟರು ಎಂದರೆ ಆಶಾ ಕಾರ್ಯಕರ್ತೆ ಅಂದಳು. ಸಂಜೆ ಆಕೆ ಬಂದಾಗ, ಯಾವ ತರಬೇತಿಯಲ್ಲಿ ಕಲಿಸಿದರು ಎಂದು ಆಸೆಯಿಂದ ಕೇಳಿದೆ. "ತರಬೇತೀಲಿ ಯಾರ್ ಕಲಿಸ್ತಾರಣ್ಣ?" ಅಂದಳು. "ನಮ್ಮತ್ತೆಗೂ ಕಣ್ಣು ಕಾಣ್ಸಲ್ಲ."